ಅವರನ್ನು ಓಡಿಸಬೇಡಿ, ಬೀಟ್ ಸಭೆಗೆ ಕರೆಯಿರಿ: ಬೆಂಗಳೂರು ನಗರ ಪೊಲೀಸ್ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ, ನಮಸ್ಕಾರ.

ಮೆಜೆಸ್ಟಿಕ್‌ನಿಂದ ನಡೆದು ಬರುವಷ್ಟು ದೂರದಲ್ಲಿ ನಮ್ಮದೊಂದು ಲಗ್ನಪತ್ರಿಕೆ ಅಂಗಡಿ ಇದೆ. ಕೆಳಗೆ ಅಂಗಡಿ, ಮೊದಲ ಮಹಡಿಯಲ್ಲಿ ಗೋಡೌನ್, ಅದರ ಮೇಲೆ ಮನೆ. ಹದಿನೆಂಟು ವರ್ಷದಿಂದ ಅಲ್ಲೇ ಇದ್ದೇವೆ. ಸಂಜೆ ಏಳರ ಮೇಲೆ, ನಮ್ಮ ಬೀದಿ ಲಾಡ್ಜ್‌ಗಳ ಕಡೆ ತಿರುಗುವ ಮೂಲೆಯಲ್ಲಿ ಏಳೆಂಟು ಹೆಂಗಸರು ನಿಲ್ಲುತ್ತಾರೆ. ಯಾಕೆ ನಿಲ್ಲುತ್ತಾರೆ ಅಂತ ಬೀದಿಯಲ್ಲಿ ಎಲ್ಲರಿಗೂ ಗೊತ್ತು.

ಮೂರು ವರ್ಷದ ಹಿಂದೆ ಅವರ ಮೇಲೆ ದೂರು ಬರೆದವಳು ನಾನೇ. ಮೂವತ್ತೆರಡು ಜನರ ಸಹಿ ಹಾಕಿಸಿ ಠಾಣೆಗೆ ಕೊಟ್ಟು ಬಂದಿದ್ದೆ. ಆಮೇಲೆ ಏನಾಯಿತು ಅನ್ನೋದನ್ನು ನಿಮಗೆ ಹೇಳಬೇಕು ಅಂತಲೇ ಈ ಪತ್ರ.

ದೂರು ಕೊಡೋಕೆ ಕಾರಣ ನನ್ನ ಮಗಳು. ಆಗ ಅವಳು ಪಿಯುಸಿ. ಟ್ಯೂಷನ್ ಮುಗಿಸಿ ಬರುವಾಗ ಬೈಕಿನಲ್ಲಿದ್ದ ಒಬ್ಬ ಪಕ್ಕದಲ್ಲಿ ನಿಧಾನ ಮಾಡಿ "ಎಷ್ಟು?" ಅಂತ ಕೇಳಿದ್ದ. ಅವಳು ಅಳುತ್ತಾ ಮನೆಗೆ ಬಂದಳು. ಅವತ್ತು ರಾತ್ರಿ ಕೂತು ಬರೆದ ದೂರಿನಲ್ಲಿ ಆ ಬೈಕಿನವನ ಮಾತೇ ಇರಲಿಲ್ಲ. "ಮೂಲೆಯಲ್ಲಿ ನಿಲ್ಲುವ ಹೆಂಗಸರನ್ನು ತೆರವು ಮಾಡಿ" ಅಂತ ಬರೆದಿದ್ದೆ. ಇವತ್ತು ಅದನ್ನು ನೆನೆಸಿಕೊಂಡರೆ ನನಗೇ ಬೇಜಾರಾಗುತ್ತದೆ.

ಪೊಲೀಸರು ಬಂದರು, ಅವರನ್ನು ವ್ಯಾನಿಗೆ ಹತ್ತಿಸಿಕೊಂಡು ಹೋದರು. ನಾಲ್ಕೈದು ದಿನ ಮೂಲೆ ಖಾಲಿ ಇತ್ತು. ಆಮೇಲೆ ಮತ್ತೆ ಬಂದರು. ಮತ್ತೆ ದೂರು, ಮತ್ತೆ ವ್ಯಾನು. ಮೂರನೇ ಸಲ ಅವರು ನಮ್ಮ ಬೀದಿ ಬಿಟ್ಟು ಹಿಂದಿನ ಗಲ್ಲಿಗೆ ಹೋದರು, ಅಲ್ಲಿ ದೀಪವಿಲ್ಲ, ಅಂಗಡಿಯಿಲ್ಲ, ಒಂದು ಕಡೆ ಗೋಡೆ ಇನ್ನೊಂದು ಕಡೆ ಮುಚ್ಚಿದ ಶಟರುಗಳು. ಆದರೆ ಬೈಕುಗಳು ಮಾತ್ರ ನಮ್ಮ ಮೂಲೆಯಲ್ಲೇ ಸುತ್ತುತ್ತಿದ್ದವು, ಯಾಕೆಂದರೆ ಗಿರಾಕಿಗಳಿಗೆ ಯಾರೂ ಏನೂ ಹೇಳಿರಲಿಲ್ಲ. ಹೆಂಗಸರು ಅಲ್ಲಿಲ್ಲದ ಕಾರಣ ಅವರು ದಾರಿಯಲ್ಲಿ ಹೋಗುವ ಯಾರನ್ನಾದರೂ ಕೇಳತೊಡಗಿದರು. ಕಾಲೇಜು ಹುಡುಗಿಯರು, ಗಾರ್ಮೆಂಟ್ಸ್ ಮುಗಿಸಿ ಬರುವವರು, ಒಂದು ಸಲ ನಮ್ಮ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯನ್ನೂ. ನಮ್ಮ ಕಷ್ಟ ಕಮ್ಮಿ ಆಗಲಿಲ್ಲ ಸಾರ್, ಜಾಸ್ತಿ ಆಯಿತು.

ಹಿಂದಿನ ಗಲ್ಲಿಯಲ್ಲಿ ಆ ಹೆಂಗಸರಲ್ಲಿ ಒಬ್ಬರಿಗೆ ಇಬ್ಬರು ಸೇರಿ ಹೊಡೆದು, ದುಡ್ಡು ಮತ್ತು ಮೊಬೈಲ್ ಕಿತ್ತುಕೊಂಡು ಹೋದರು. ತುಟಿ ಒಡೆದಿತ್ತು. ನೀರು ಕೇಳಿಕೊಂಡು ನಮ್ಮ ಅಂಗಡಿಗೇ ಬಂದರು, ದೂರು ಕೊಟ್ಟವಳು ನಾನೇ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ. ಸ್ಟೇಷನ್‌ಗೆ ಹೋಗೋಣ ಬನ್ನಿ ಅಂದೆ. "ಹೋದ್ರೆ ನನ್ನೇ ಕೂರಿಸ್ಕೋತಾರೆ ಅಮ್ಮ, ಅಲ್ಲೇನ್ ಮಾಡ್ತಿದ್ದೆ ಅಂತ ಮೊದಲು ನನ್ನೇ ಕೇಳ್ತಾರೆ" ಅಂದರು. ಹೋಗಲಿಲ್ಲ. ಹೊಡೆದವರ ಮೇಲೆ ಇವತ್ತಿಗೂ ಒಂದು ಕೇಸಿಲ್ಲ.

ಆಮೇಲೆ ಅವರ ಪರಿಚಯವಾಯಿತು. ನಾನು ಅಕ್ಕ ಅಂತಲೇ ಕರೆಯುತ್ತೇನೆ. ತುಮಕೂರು ಕಡೆಯವರು, ನಲವತ್ತೈದರ ಆಸುಪಾಸು. ಗಂಡ ಬಿಟ್ಟು ಹೋದ, ಗಾರ್ಮೆಂಟ್ಸ್ ಕೆಲಸ ಹೋಯಿತು, ಕೈಸಾಲ ಮಾತ್ರ ಉಳಿಯಿತು. ಮೊಬೈಲ್ ಬಂದ ಮೇಲೆ ಈ ದಂಧೆ ಬಹಳಷ್ಟು ಫೋನಿಗೆ ಹೋಗಿದೆ, ನಮ್ಮಂಥ ವಯಸ್ಸಾದವರು, ಓದು ಬರದವರು ಮಾತ್ರ ಬೀದಿಯಲ್ಲಿ ಉಳಿದಿದ್ದೇವೆ ಅಂತ ಅವರೇ ಹೇಳಿದರು. ಮುಂಬೈಯ ಕಾಮಾಟಿಪುರದ ಹಾಗೆ, ಕೋಲ್ಕತ್ತಾದ ಸೋನಾಗಾಚಿಯ ಹಾಗೆ ಬೆಂಗಳೂರಿನಲ್ಲಿ ಈ ದಂಧೆಗೇ ಅಂತ ಒಂದು ಏರಿಯಾ ಇಲ್ಲ. ಬಸ್ ಸ್ಟ್ಯಾಂಡ್, ಮಾರ್ಕೆಟ್, ಸಿನಿಮಾ ಟಾಕೀಸಿನ ಸುತ್ತ ಅವರು ಹಂಚಿಹೋಗಿದ್ದಾರೆ. ಹಾಗಾಗಿ ಒಂದು ಕಡೆಯಿಂದ ಓಡಿಸಿದರೆ ಇನ್ನೊಂದು ಠಾಣೆಯ ಸರಹದ್ದಿಗೆ ಹೋಗುತ್ತಾರೆ, ಅಷ್ಟೇ.

ಆಯುಕ್ತರೇ, ಒಂದು ದಿನ ಕೂತು ನನ್ನ ಹಳೇ ದೂರನ್ನು ಬಿಡಿಸಿ ನೋಡಿದೆ. ನಮಗೆ ನಿಜವಾಗಿ ಏನು ತೊಂದರೆ ಆಗುತ್ತಿತ್ತು? ಹೆಣ್ಣುಮಕ್ಕಳನ್ನು ಚುಡಾಯಿಸುವ ಬೈಕಿನವರು. ಬಾರ್ ಮುಚ್ಚಿದ ಮೇಲೆ ಬಂದು ಗಲಾಟೆ ಮಾಡುವವರು. ಅಡ್ಡ ನಿಲ್ಲಿಸುವ ಆಟೋಗಳು. ಬೆಳಿಗ್ಗೆ ಶಟರ್ ಎತ್ತಿದರೆ ಮೆಟ್ಟಿಲ ಮೇಲೆ ಬಿದ್ದಿರುವ ಕಾಂಡೋಮ್, ಬಾಟಲಿ. ಲಾಡ್ಜ್ ಬಾಗಿಲಲ್ಲಿ ನಿಂತು ಜನರನ್ನು ಕರೆಯುವ ಇಬ್ಬರು ಬ್ರೋಕರ್‌ಗಳು. ಇದರಲ್ಲಿ ಒಂದೊಂದಕ್ಕೂ ಬೇರೆ ಬೇರೆ ಜನ ಕಾರಣ, ಒಂದೊಂದಕ್ಕೂ ಬೇರೆ ಬೇರೆ ಮದ್ದು. ಗಲಾಟೆಗೆ ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಹೊಯ್ಸಳ ಗಸ್ತು ವಾಹನ ಬಂದು ನಿಂತರೆ ಸಾಕು, ಕಸಕ್ಕೆ ಪಾಲಿಕೆಯವರು ಒಂದು ಡಬ್ಬ ಇಟ್ಟರೆ ಸಾಕು. ನಾವೆಲ್ಲ ಸುಮ್ನೆ ಅಷ್ಟನ್ನೂ ಒಟ್ಟಿಗೆ ಕಟ್ಟಿ ಆ ಏಳೆಂಟು ಹೆಂಗಸರ ತಲೆಗೆ ಹಾಕಿದ್ದೆವು. ಅಮೆರಿಕದ ಹರ್ಮನ್ ಗೋಲ್ಡ್‌ಸ್ಟೀನ್ ಎಂಬ ಪ್ರಾಧ್ಯಾಪಕರು 1979ರಲ್ಲೇ ಪೊಲೀಸರಿಗೆ ಇದನ್ನು ಹೇಳಿದ್ದರು: ಬಂದ ದೂರುಗಳನ್ನು ಒಂದೊಂದಾಗಿ ಮುಗಿಸುತ್ತಾ ಹೋಗಬೇಡಿ, ಅವು ಪದೇ ಪದೇ ಯಾಕೆ ಬರುತ್ತಿವೆ ಅಂತ ಹುಡುಕಿ ಅಂತ.

ಕಾನೂನಿನ ಮಾತು ಬರುತ್ತದೆ, ಗೊತ್ತು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ವಯಸ್ಕ ಹೆಂಗಸು ಸ್ವಂತ ಇಷ್ಟದಿಂದ ಈ ಕೆಲಸ ಮಾಡುವುದೇ ಅಪರಾಧ ಅಂತ ಎಲ್ಲೂ ಇಲ್ಲ. ವೇಶ್ಯಾಗೃಹ ನಡೆಸೋದು, ಇನ್ನೊಬ್ಬರ ಈ ದುಡಿಮೆಯಲ್ಲಿ ಬದುಕೋದು, ಹೆಣ್ಣುಮಕ್ಕಳನ್ನು ಇದಕ್ಕೆ ತರೋದು ಅಪರಾಧ. 8ನೇ ಸೆಕ್ಷನ್ ಪ್ರಕಾರ ಬೀದಿಯಲ್ಲಿ ಗಿರಾಕಿಯನ್ನು ಕರೆಯೋದೂ ಅಪರಾಧ. 7ನೇ ಸೆಕ್ಷನ್ ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಿಂದ 200 ಮೀಟರ್ ಒಳಗೆ ಇದು ನಡೆಯಬಾರದು ಅನ್ನುತ್ತದೆ. ಅಣ್ಣಮ್ಮನ ಗುಡಿಯಿಂದ ಶುರು ಮಾಡಿ ಪೇಟೆಯೊಳಗೆ ನಡೆಯಿರಿ, ಗುಡಿಯೋ ಮಸೀದಿಯೋ ನರ್ಸಿಂಗ್ ಹೋಮೋ 200 ಮೀಟರಿನಲ್ಲಿ ಇಲ್ಲದ ಜಾಗ ಎಷ್ಟು ಸಿಗುತ್ತದೆ? ಅಂದರೆ ಯಾವ ಹೆಂಗಸನ್ನು ಯಾವಾಗ ಬೇಕಾದರೂ ಹಿಡಿಯಬಹುದು ಅನ್ನುವ ಸ್ಥಿತಿ. ಮಾಮೂಲು ಹುಟ್ಟುವುದು ಇಂಥ ಕಡೆಯೇ. ಅದೇ 7ನೇ ಸೆಕ್ಷನ್ ಜೊತೆಗಿದ್ದ ಗಿರಾಕಿಗೂ ಮೂರು ತಿಂಗಳವರೆಗೆ ಶಿಕ್ಷೆ ಇದೆ ಅನ್ನುತ್ತದೆ. ನಮ್ಮ ಮೂಲೆಯಿಂದ ವ್ಯಾನು ಹತ್ತಿದವರಲ್ಲಿ ಒಬ್ಬ ಗಂಡಸನ್ನೂ ನಾನು ನೋಡಲಿಲ್ಲ.

2022ರ ಮೇ 19ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. 1999ರಲ್ಲಿ ಕೋಲ್ಕತ್ತಾದಲ್ಲಿ ಒಬ್ಬ ಲೈಂಗಿಕ ಕಾರ್ಮಿಕೆಯ ಕೊಲೆಯಾಯಿತು, ಆ ಕೇಸಿನಿಂದಲೇ ಬೆಳೆದು ಬಂದ ಆದೇಶ ಅದು. ಪೊಲೀಸರು ಈ ಹೆಂಗಸರನ್ನು ಮರ್ಯಾದೆಯಿಂದ ನಡೆಸಿಕೊಳ್ಳಬೇಕು, ಬಯ್ಯಬಾರದು, ಹೊಡೆಯಬಾರದು, ಕಾಂಡೋಮ್ ಇಟ್ಟುಕೊಂಡಿದ್ದನ್ನು ಅಪರಾಧದ ಸಾಕ್ಷಿ ಮಾಡಬಾರದು, ಅವರ ಮೇಲೆ ಲೈಂಗಿಕ ಹಲ್ಲೆಯಾದರೆ ಬೇರೆ ಯಾವ ಹೆಣ್ಣಿಗೂ ಸಿಗುವ ನೆರವು ಅವರಿಗೂ ಸಿಗಬೇಕು. ಅಕ್ಕ ಸ್ಟೇಷನ್ ಮೆಟ್ಟಿಲು ಹತ್ತಲು ಹೆದರುತ್ತಾರೆ ಅಂದರೆ ಆ ಆದೇಶ ಇನ್ನೂ ನಮ್ಮ ಬೀದಿಗೆ ಬಂದಿಲ್ಲ ಅಂತಲೇ ಅರ್ಥ.

ಇದೆಲ್ಲ ಆಗದ ಮಾತು ಅನ್ನುವವರಿಗೆ ಮೈಸೂರಿನ ಕಥೆ ಹೇಳಬೇಕು. ಅಲ್ಲೂ ಬಹುಪಾಲು ಬೀದಿಯದ್ದೇ ವ್ಯವಹಾರ. 2004ರಲ್ಲಿ ಎಚ್‌ಐವಿ ತಡೆಯುವ ಕೆಲಸವಾಗಿ ಶುರುವಾದದ್ದು ಆಮೇಲೆ ಆಶೋದಯ ಸಮಿತಿ ಅನ್ನುವ, ಆ ಹೆಂಗಸರೇ ನಡೆಸುವ ಸಂಘಟನೆಯಾಯಿತು. ಬರೀ ಕಾಂಡೋಮ್ ಹಂಚಿದರೆ ಆಗಲ್ಲ, ಹೊಡೆತ ನಿಲ್ಲದೆ ರೋಗವೂ ನಿಲ್ಲಲ್ಲ ಅಂತ ಅವರಿಗೆ ಬೇಗ ಗೊತ್ತಾಯಿತು. ಯಾರಿಗಾದರೂ ಹಿಂಸೆಯಾದರೆ ತಕ್ಷಣ ಓಡಿ ಬರುವ ತಂಡ ಮಾಡಿಕೊಂಡರು, ಪೊಲೀಸರ ಜೊತೆ ಕೂತು ಮಾತಾಡಿದರು, ಹಿಂಸೆಯೂ ಕಮ್ಮಿಯಾಯಿತು. 2010ರಲ್ಲಿ ಪ್ರಕಟವಾದ, ನಮ್ಮ ರಾಜ್ಯದ ಲೈಂಗಿಕ ಕಾರ್ಮಿಕರ ಮೇಲೆ ನಡೆದ ಒಂದು ಅಧ್ಯಯನದಲ್ಲೂ ಇದೇ ಕಂಡಿತ್ತು: ಹೊಡೆತ ತಿಂದ ಹೆಂಗಸರು ಕ್ಲಿನಿಕ್ಕಿಗೆ ಹೋಗೋದೂ ಕಮ್ಮಿ, ಕಾಂಡೋಮ್ ಬಳಸೋದೂ ಕಮ್ಮಿ.

ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನಲ್ಲಿ ಕಣ್ಣು ತೆರೆಯಲು ಐದು ಜೀವ ಹೋಗಬೇಕಾಯಿತು. 2006ರ ಕೊನೆಯಲ್ಲಿ ಬೀದಿಯಲ್ಲಿ ನಿಲ್ಲುತ್ತಿದ್ದ ಐವರು ಹೆಂಗಸರನ್ನು ಒಬ್ಬನೇ ಕೊಂದ. ಆಮೇಲೆ ಅಲ್ಲಿನ ಪೊಲೀಸರು, ಪಾಲಿಕೆ, ಆರೋಗ್ಯ ಇಲಾಖೆ ಸೇರಿ ಒಂದೊಂದು ಹೆಂಗಸಿಗೂ ಅವಳಿಗೆ ಬೇಕಾದ ನೆರವು ಗುರುತಿಸಿದರು, ಕಾರಿನಲ್ಲಿ ಸುತ್ತುವ ಗಿರಾಕಿಗಳನ್ನು ಹಿಡಿದರು. ಅಲ್ಲಿನ ಹೆಂಗಸರಿಗೆ ಡ್ರಗ್ಸ್ ಚಟ ದೊಡ್ಡ ಕಾರಣವಾಗಿತ್ತು, ಅದಕ್ಕೆ ಚಿಕಿತ್ಸೆ ಕೊಟ್ಟರು. ನಮ್ಮಲ್ಲಿ ಅದನ್ನೇ ಕಾಪಿ ಮಾಡಿದರೆ ಪ್ರಯೋಜನವಿಲ್ಲ. ಅಕ್ಕನಂಥವರಿಗೆ ಬೇಕಿರುವುದು ಸಾಲದಿಂದ ಬಿಡುಗಡೆ, ರೇಷನ್ ಕಾರ್ಡು, ಮಕ್ಕಳ ಫೀಸು. ಕೇಳಿದರೆ ಗೊತ್ತಾಗುತ್ತದೆ, ಆದರೆ ಕೇಳಬೇಕಲ್ವಾ?

ಕೇಳುವ ಜಾಗ ನಿಮ್ಮಲ್ಲೇ ಇದೆ. 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂದಾಗ ಒಂದೊಂದು ಬೀಟನ್ನು ಒಬ್ಬೊಬ್ಬ ಪೊಲೀಸರ ಹೊಣೆಗೆ ಕೊಟ್ಟು, ಆ ಏರಿಯಾದ ಜನರನ್ನೇ ಸದಸ್ಯರನ್ನಾಗಿ ಸೇರಿಸಿಕೊಂಡು ಸಭೆ ಮಾಡಬೇಕು ಅಂತ ಆಯಿತು. ನಾನೂ ಎರಡು ಸಭೆಗೆ ಹೋಗಿದ್ದೇನೆ. ಅಂಗಡಿಯವರು, ಲಾಡ್ಜಿನವರು, ಆಟೋದವರು ಇದ್ದರು. ಬೀದಿಯಲ್ಲಿ ನಮ್ಮೆಲ್ಲರಿಗಿಂತ ಜಾಸ್ತಿ ಹೊತ್ತು ನಿಲ್ಲುವ ಆ ಹೆಂಗಸರಲ್ಲಿ ಒಬ್ಬರೂ ಇರಲಿಲ್ಲ. ಯಾವ ಬ್ರೋಕರ್ ಚಾಕು ಇಟ್ಟುಕೊಂಡಿರುತ್ತಾನೆ, ಯಾವ ಲಾಡ್ಜ್‌ಗೆ ಸಣ್ಣ ಹುಡುಗಿಯನ್ನು ಕರೆತಂದಿದ್ದಾರೆ, ಇವೆಲ್ಲ ಮೊದಲು ಗೊತ್ತಾಗುವುದು ಅವರಿಗೇ. ಅಪ್ರಾಪ್ತ ಹುಡುಗಿಯರ ವಿಷಯದಲ್ಲಿ, ಬಲವಂತದಿಂದ ತಂದವರ ವಿಷಯದಲ್ಲಿ ನನಗೆ ಯಾವ ಮೃದುತನವೂ ಇಲ್ಲ, ಅಲ್ಲಿ ಪೂರ್ತಿ ಕಾನೂನು ಬಳಸಿ. ಆದರೆ ಆ ಸುದ್ದಿ ನಿಮಗೆ ಮುಟ್ಟಬೇಕಾದರೆ ಹೇಳುವವರಿಗೆ ನಿಮ್ಮ ಭಯ ಇರಬಾರದು. ಕೋಲ್ಕತ್ತಾದ ಲೈಂಗಿಕ ಕಾರ್ಮಿಕರ ದುರ್ಬಾರ್ ಸಂಘಟನೆಯ ಹೆಂಗಸರು 1997ರಿಂದ ತಮ್ಮದೇ ಮಂಡಳಿ ಮಾಡಿಕೊಂಡು ಹೊಸದಾಗಿ ಬಂದವರು ಅಪ್ರಾಪ್ತರೇ, ಬಲವಂತವಿದೆಯೇ ಅಂತ ತಾವೇ ವಿಚಾರಿಸುತ್ತಾರೆ.

ಹಾಗಾಗಿ ಕೇಳುತ್ತಿದ್ದೇನೆ. ನಮ್ಮ ಬೀಟ್ ಸಭೆಗೆ ನಮ್ಮ ಮೂಲೆಯ ಹೆಂಗಸರಲ್ಲಿ ಇಬ್ಬರನ್ನಾದರೂ ಸದಸ್ಯರನ್ನಾಗಿ ಕರೆಯಿರಿ, ಹೆಸರು ಹೊರಗೆ ಬರದ ಹಾಗೆ, ಒಬ್ಬ ಮಹಿಳಾ ಎಸ್‌ಐ ಜೊತೆಯಲ್ಲಿ. ದೂರು ಬಂದ ಕೂಡಲೇ ವ್ಯಾನು ಕಳಿಸದೆ, ತೊಂದರೆ ಕೊಟ್ಟವರು ಯಾರು ಅಂತ ಬೀಟಿನವರು ಮೊದಲು ಕೇಳಲಿ. ಆ ಹೆಂಗಸರ ಮೇಲೆ ಹಲ್ಲೆಯಾದಾಗ "ಅಲ್ಲೇನು ಮಾಡುತ್ತಿದ್ದೆ" ಅನ್ನುವ ಪ್ರಶ್ನೆ ಇಲ್ಲದೆ ಎಫ್‌ಐಆರ್ ಆಗಲಿ. ಹಿಂದಿನ ಗಲ್ಲಿಗೆ ನಾಲ್ಕು ದೀಪ ಹಾಕಿಸಲು ಪಾಲಿಕೆಗೆ ನಿಮ್ಮ ಕಡೆಯಿಂದ ಒಂದು ಪತ್ರ ಹೋಗಲಿ. ನಾವು ಬರೆದದ್ದಕ್ಕೆ ಉತ್ತರ ಬಂದಿಲ್ಲ.

ನನ್ನ ಜೊತೆ ಆಗ ಸಹಿ ಹಾಕಿದ ಮೂವತ್ತೆರಡು ಜನರಲ್ಲಿ ಕೆಲವರಿಗೆ ಈ ಪತ್ರ ಓದಿ ಸಿಟ್ಟು ಬಂದಿದೆ. "ಹಾಗಾದ್ರೆ ಅವರು ಅಲ್ಲೇ ನಿಂತಿರ್ಲಿ ಅಂತೀರಾ?" ಅಂತ ಪಕ್ಕದ ಅಂಗಡಿಯವರು ಕೇಳಿದರು. ಅವರ ಸಿಟ್ಟು ಸುಳ್ಳಲ್ಲ, ಅವರಿಗೂ ಹೆಣ್ಣುಮಕ್ಕಳಿದ್ದಾರೆ. ಯಾರೂ ಅಲ್ಲಿ ನಿಲ್ಲುವ ಹಾಗಾಗಬಾರದು ಅಂತಲೇ ನನ್ನ ಆಸೆ, ಅಕ್ಕನ ಆಸೆಯೂ ಅದೇ. ಮೂರು ವರ್ಷ ಓಡಿಸಿ ನೋಡಿದೆವಲ್ಲ, ಈಗ ಒಂದು ವರ್ಷ ಕೂತು ಮಾತಾಡಿ ನೋಡೋಣ ಅಂದೆ. ಆರು ಜನ ಒಪ್ಪಿದ್ದಾರೆ.

ಸಭೆ ಠಾಣೆಯಲ್ಲಿ ಅಂದರೆ ಆ ಹೆಂಗಸರು ಬರಲ್ಲ. ಆಷಾಢದಲ್ಲಿ ಲಗ್ನಪತ್ರಿಕೆ ಕೆಲಸ ಕಮ್ಮಿ, ನಮ್ಮ ಗೋಡೌನ್ ಬಹುಪಾಲು ಖಾಲಿ ಇರುತ್ತದೆ. ಇಪ್ಪತ್ತು ಜನ ಆರಾಮಾಗಿ ಕೂರಬಹುದು, ಕಾಫಿ ನಾನು ಮಾಡುತ್ತೇನೆ. ದಿನ ನೀವು ಹೇಳಿ.

ಇಂತಿ,
ನಿಮ್ಮ ನಗರದ ಒಬ್ಬ ಅಂಗಡಿಯವಳು