ಮಗಳಿಗೊಂದು ಪತ್ರ: ಕಾರಿಗಿಂತ ಮೊದಲು ಟೈರ್ ನೋಡು

ಮಂಡ್ಯ

ಪ್ರೀತಿಯ ಮಗಳೇ,

ಹಿಮ ಬೀಳುವ ಮೊದಲೇ ಕಾರು ಕೊಳ್ಳಬೇಕು, ಫೋರ್ ವೀಲ್ ಡ್ರೈವ್ ಇರುವ ದೊಡ್ಡ ಗಾಡಿಗೆ ಸಾಲವಾದರೂ ಸರಿ ಎಂದು ಕೆನಡಾದ ಮಾಂಟ್ರಿಯಲ್‌ನಿಂದ ಫೋನಿನಲ್ಲಿ ಹೇಳಿದೆಯಲ್ಲ. ಸಾಲ ಮಾಡಬೇಡ. ಮುಂದಿನ ಚಕ್ರ ಎಳೆಯುವ ಸಾಧಾರಣ ಕಾರು ಸಾಕು; ಉಳಿದ ಹಣವನ್ನು ಒಳ್ಳೆಯ ಚಳಿಗಾಲದ ಟೈರಿಗೆ ಹಾಕು.

ಕಬ್ಬಿನ ಲೋಡ್ ಹೊತ್ತ ಟ್ರ್ಯಾಕ್ಟರ್ ನಾಲೆ ಪಕ್ಕದ ಗದ್ದೆಯಿಂದ ರಸ್ತೆಗೆ ಏರುವುದನ್ನು ನೋಡಿಯೇ ಬೆಳೆದವಳು ನೀನು. ಹಿಂದಿನ ಟೈರಿನ ದಪ್ಪ ಏಣುಗಳು ಕೆಸರನ್ನು ಕಚ್ಚಿ, ಉರುಳಿದಂತೆಲ್ಲ ಪಕ್ಕಕ್ಕೆ ಉಗುಳುತ್ತವೆ. ಏಣು ಸವೆದಿದ್ದರೆ ಎಂಜಿನ್ ಎಷ್ಟೇ ಅಬ್ಬರಿಸಿದರೂ ಚಕ್ರ ನಿಂತಲ್ಲೇ ಸುತ್ತಿ ಹೂತುಹೋಗುತ್ತದೆ. ಹಿಮದಲ್ಲೂ ಅಷ್ಟೆ. ನಾಲ್ಕೂ ಚಕ್ರ ಎಳೆದರೆ ಕಾರು ಸಲೀಸಾಗಿ ಹೊರಡುತ್ತದೆ, ನಿಜ. ಬ್ರೇಕ್ ಒತ್ತಿದಾಗ ನಿಲ್ಲಿಸಬೇಕಾದದ್ದು ಟೈರು. ನೀನು ಹೊರಡುವುದಕ್ಕಿಂತ ನಿಲ್ಲುವುದೇ ನನಗೆ ಮುಖ್ಯ.

ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗಿ ಹಿಡಿತ ಬಿಡುತ್ತದೆ. ಚಳಿಗಾಲದ ಟೈರ್ ಆಗಲೂ ಮೆತ್ತಗಿರುತ್ತದೆ. ಅದರ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಸೀಳುಗಳಿರುತ್ತವೆ. ಹಿಮವನ್ನು ಹಿಡಿಯುವುದು ಅವುಗಳ ಅಂಚು. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನು ಹುಡುಕು. ಬರೀ ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಎಂದಿದ್ದರೆ ಸಾಲದು. ನೀನಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಾನೂನಿನಂತೆ ಕಡ್ಡಾಯ. ನಾಲ್ಕನ್ನೂ ಬದಲಾಯಿಸು, ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಬೇಸಿಗೆ ಬಂದೊಡನೆ ಬಿಚ್ಚಿಸು, ಮೆತ್ತನೆಯ ರಬ್ಬರ್ ಬಿಸಿ ರಸ್ತೆಯಲ್ಲಿ ಬೇಗ ಸವೆಯುತ್ತದೆ.

ಗಾಳಿಯನ್ನು ಆಗಾಗ ನೋಡಿಸು. ತಾಪಮಾನ ಐದಾರು ಡಿಗ್ರಿ ಇಳಿದರೆ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ.

ಗೆಳತಿಯರೊಂದಿಗೆ ಕಾಡಿನ ಮಣ್ಣುದಾರಿಗೆ ಹೋಗುವ ಆಸೆ ಇದೆ ಎಂದೆ. ಅಲ್ಲಿಗೆ ನೆಲದಿಂದ ಎತ್ತರವಿರುವ, ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು. ವರ್ಷಕ್ಕೆ ಒಂದೆರಡು ಸಲದ ಆಸೆಗೆ ಬಾಡಿಗೆಗೆ ತೆಗೆದುಕೊಳ್ಳುವುದು ಮೇಲು. ಮರಳಿನಲ್ಲೋ ಕೆಸರಿನಲ್ಲೋ ಸಿಕ್ಕಿಕೊಂಡರೆ ಟೈರಿನ ಗಾಳಿ ಸ್ವಲ್ಪ ಇಳಿಸಿ, ಅದು ನೆಲಕ್ಕೆ ಅಗಲವಾಗಿ ಕೂರುತ್ತದೆ. ಡಾಂಬರು ರಸ್ತೆಯಲ್ಲಿ ವೇಗ ಹಿಡಿಯುವ ಮೊದಲು ಮರೆಯದೆ ಮತ್ತೆ ತುಂಬಿಸಿ.

ಹಳೆಯ ಟೈರ್ ಅಗ್ಗಕ್ಕೆ ಸಿಕ್ಕರೆ ಅದರ ಪಕ್ಕದಲ್ಲಿ ‘ಡಾಟ್’ (DOT) ಎಂಬ ಅಕ್ಷರಗಳ ಮುಂದಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದು: 2324 ಎಂದಿದ್ದರೆ 2024ರ 23ನೆಯ ವಾರ ತಯಾರಾದದ್ದು. ದುಡ್ಡು ಕೊಡುವ ಮುನ್ನ ಅದರ ಫೋಟೊ ಕಳುಹಿಸು, ನಡುರಾತ್ರಿಯಾದರೂ ಎದ್ದು ನೋಡಿ ಹೇಳುತ್ತೇನೆ.

ನಿನ್ನ
ಅಪ್ಪ