ಪಾಯಾ ತಗಿಯೂಕಿಂತ ಮೊದಲ

ವಿನ್ನಿಪೆಗ್, ಕೆನಡಾ
ರವಿವಾರ

ಚಿರಂಜೀವಿ ತಮ್ಮಗ ಅಕ್ಕನ ಆಶೀರ್ವಾದ. ಇಲ್ಲೆ ನಾವೆಲ್ಲಾರೂ ಕ್ಷೇಮ. ಅಪ್ಪಗ, ಅವ್ವಗ ನಮಸ್ಕಾರ ಹೇಳು.

ನೀ ಡಿಪ್ಲೊಮಾ ಸಿವಿಲ್ ಸೇರಿದ್ದು ತಿಳದು ಭಾಳ ಖುಷಿ ಆತು. ನಿನ್ನ ಮೊದಲನೇ ವರ್ಷದ ‘ಕಟ್ಟಡ ನಿರ್ಮಾಣ’ದ ಪಾಠನ ನಾ ಇಲ್ಲಿ ಹುಡುಗರಿಗೆ ಕಲಸ್ತೀನಿ. ಗದಗದ ಹೊರಗಿನ ಪ್ಲಾಟಿನ್ಯಾಗ ಅಪ್ಪ ಯುಗಾದಿ ಮುಗದಮ್ಯಾಲೆ ಪಾಯಾ ತಗಸ್ತಾರ ಅಂತನೂ ಬರದೀದಿ. ಹಂಗಾರ ಈ ಪತ್ರ ನಿನ್ನ ಪರೀಕ್ಷೆಗೂ ಆಗ್ಲಿ, ಮನಿಗೂ ಆಗ್ಲಿ.

ನಮ್ಮ ಪಾಠದ ಮೊದಲನೇ ಪ್ರಶ್ನಿ, ಭಾರ ಯಾವ ದಾರಿ ಹಿಡದು ನೆಲಕ್ಕ ಇಳೀತದ ಅನ್ನೂದು. ಅದಕ್ಕ ಪುಸ್ತಕ ಬ್ಯಾಡ. ಅಜ್ಜನ ಮೇಲ್ಮುದ್ದಿ ಮನಿ ಪಡಸಾಲ್ಯಾಗ ನಿಂತು ಮ್ಯಾಲೆ ನೋಡು. ಮಾಳಿಗಿ ಮಣ್ಣಿನ ಭಾರ ಜಂತಿಗೆ, ಜಂತಿಯಿಂದ ತೊಲಿಗೆ, ತೊಲಿಯಿಂದ ಬೋದಿಗಿಗೆ, ಅಲ್ಲಿಂದ ಕಂಬಕ್ಕ, ಕಂಬದ ಕೆಳಗಿನ ಕಲ್ಲಿಗೆ, ಕಲ್ಲಿನಿಂದ ಭೂಮಿಗೆ. ಬೋದಿಗಿ ಬರೇ ಚಂದಕ್ಕ ಇಟ್ಟದ್ದಲ್ಲ. ಎರಡೂ ಕಡೆ ಕೈ ಚಾಚಿ ತೊಲಿಯ ಹಾರು, ಅಂದ್ರ ಆಸರ ಇಲ್ಲದ ಉದ್ದ, ಕಡಿಮಿ ಮಾಡ್ತದ, ಅದಕ್ಕ ತೊಲಿ ಬಾಗೂದಿಲ್ಲ. ಲಕ್ಕುಂಡಿ ಗುಡಿಗಳೊಳಗ ಕಂಬ ಅಷ್ಟು ಒತ್ತಾಗಿ ಯಾಕ ಅವ ಅನ್ನೂದಕ್ಕೂ ಇದ ಉತ್ತರ. ಕಲ್ಲು ಒತ್ತಿದ್ರ ತಡೀತದ, ಎಳದ್ರ ಒಡೀತದ. ಕಲ್ಲಿನ ತೊಲಿ ಬಾಗಿದಾಗ ಕೆಳಗಿನ ಮೈ ಎಳತಕ್ಕ ಸಿಗ್ತದ. ಕಾಂಕ್ರೀಟಿನ ಗುಣಾನೂ ಹಂಗ, ಅದಕ್ಕ ಎಳತ ಇರೋ ಕಡೆ ಕಬ್ಬಿಣದ ಸಳಿ ಹಾಕ್ತಾರ.

ಈಗ ಲೆಕ್ಕ ಮಾಡು. 10 ಅಡಿ ಅಗಲ, 12 ಅಡಿ ಉದ್ದದ ಖೋಲಿಗೆ 5 ಇಂಚಿನ ಸ್ಲ್ಯಾಬ್. ಸಳಿ ಕೂಡಿದ ಕಾಂಕ್ರೀಟು ಘನ ಮೀಟರಿಗೆ ಸುಮಾರು 2500 ಕೆ.ಜಿ. ಅಂದ್ರ ಸ್ಲ್ಯಾಬ್ ಒಂದ ಮೂರೂವರಿ ಟನ್ ಆತು. ಮಂದಿ, ಸಾಮಾನು ಅಂತ ಚದರ ಮೀಟರಿಗೆ 200 ಕೆ.ಜಿ. ಹಿಡೀಬೇಕು, ಅದು ಮತ್ತ ಎರಡು ಟನ್ನಿನ ಮ್ಯಾಲೆ. ಗ್ವಾಡಿ ಇನ್ನೂ ಹಿಡದಿಲ್ಲ. ಇಷ್ಟೂ ಕಡೀಕ ಕೂಡೂದು ಮಣ್ಣಿನ ಮ್ಯಾಲೆ. ಮಂದಿ ಸಿಮೆಂಟು ಯಾವ ಕಂಪನೀದು, ಸಳಿ ಯಾವದು ಅಂತ ನೂರು ಸಲ ಕೇಳ್ತಾರ, ಮಣ್ಣು ಎಂಥಾದ್ದು ಅಂತ ಒಂದ ಸಲಾನೂ ಕೇಳೂದಿಲ್ಲ. ನನಗ ಸಂಕಟ ಆಗೂದು ಇದಕ್ಕ.

ವಿನ್ನಿಪೆಗ್ ಊರೂ ಜೇಡಿ ಮಣ್ಣಿನ ಮ್ಯಾಲೆ ಕುಂತದ. ಹಿಮಯುಗದಾಗ ಇಲ್ಲೆ ದೊಡ್ಡ ಸರೋವರ ಇತ್ತು, ಅದರ ತಳದ ಕೆಸರ ಈ ನೆಲ. ಊರ ಪಕ್ಕದ ಟ್ರಾನ್ಸ್‌ಕೋನಾದಾಗ ಹತ್ತು ಲಕ್ಷ ಬುಷೆಲ್ (ಇಲ್ಲಿ ಕಾಳು ಅಳಿಯೋ ಮಾಪು) ಕಾಳು ಹಿಡಿಯೋ ಕಾಂಕ್ರೀಟಿನ ಕಣಜ ಕಟ್ಟಿದ್ರು. 1913ರ ಅಕ್ಟೋಬರಿನ್ಯಾಗ ಕಾಳು ತುಂಬೂ ಮುಂದ ಅದು ಒಂದ ತಾಸಿನ್ಯಾಗ ಒಂದು ಅಡಿ ಕುಸೀತು, ಮರುದಿನ ಅನ್ನೂದ್ರಾಗ ಸುಮಾರು 27 ಡಿಗ್ರಿ ವಾಲಿ ನಿಂತಿತು. ಕಣಜ ಒಡೀಲಿಲ್ಲ, ಕಟ್ಟಿದ ಕೆಲಸ ಗಟ್ಟಿ ಇತ್ತು. ಮ್ಯಾಲಿನ ಬಿರುಸು ಮಣ್ಣನ್ನ ಪರೀಕ್ಷೆ ಮಾಡಿದ್ರು, ಕೆಳಗಿನ ಮೆತ್ತನ್ನ ಪದರ ನೋಡಿರಲಿಲ್ಲ. ಆಮ್ಯಾಲೆ ಕೆಳಗಿನ ಬಂಡೆಗಲ್ಲಿನತನಕ ತೋಡಿ, ಜಾಕ್ ಕೊಟ್ಟು ಅದನ್ನ ನೆಟ್ಟಗ ಮಾಡಿದ್ರು.

ನಮ್ಮ ಎರಿ ಭೂಮಿ ಹಿಂಗ ಒಮ್ಮೆಲೆ ಕುಸಿಯೂದು ಕಡಿಮಿ. ಅದರ ಗುಣ ಬ್ಯಾರೆ, ನೀರು ಕುಡದು ಉಬ್ಬತದ, ಬ್ಯಾಸಗ್ಯಾಗ ಒಣಗಿ ಕೈ ಹೋಗೋ ಹಂಗ ಬಿರಿ ಬಿಡ್ತದ. ಮನಿ ನಡುವಿನ ನೆಲ ವರ್ಷಪೂರ್ತಿ ಒಂದ ಹದ ತ್ಯಾವು ಹಿಡದಿರತದ, ಅಂಚಿನ ನೆಲ ಮಾತ್ರ ಮಳಿಗೆ ಏಳತದ, ಬಿಸಲಿಗೆ ಇಳೀತದ. ಅದಕ್ಕ ಕಿಡಕಿ ಮೂಲಿಯಿಂದ ಓರೆ ಸೀಳು ಹೊಂಡತದ. ಬ್ಯಾಸಗ್ಯಾಗ ಅಗಲಾಗಿ ಮಳಿಗಾಲದಾಗ ಕೂಡಿಕೊಳ್ಳೋ ಸೀಳು ಕಂಡ್ರ ಅದು ಗಿಲಾಯದ ತಪ್ಪಲ್ಲ, ಪಾಯಾದ ಕೆಳಗಿನ ಮಣ್ಣಿನ ಕೆಲಸ. ಅದಕ್ಕ ಎಷ್ಟು ಸಿಮೆಂಟ್ ಮೆತ್ತಿದ್ರೂ ಮುಂದಿನ ವರ್ಷ ಮತ್ತ ಬಾಯಿ ಬಿಡ್ತದ.

ಮಣ್ಣು ಎಷ್ಟು ಉಬ್ಬತದ ಅಂತ ನೀನ ನೋಡಬಹುದು. ಪ್ಲಾಟಿನ ಎರಡು ಮೂಲ್ಯಾಗ ಗುಂಡಿ ತಗಸು. ಐದು ಅಡಿ ದಾಟಿದ ಮ್ಯಾಲೆ ಬಾಜೂಕ ಆಸರ ಕೊಡದ ಯಾರನ್ನೂ ಒಳಗ ಇಳಸಬ್ಯಾಡ, ಎರಿ ಮಣ್ಣು ಹೇಳದ ಕೇಳದ ಕುಸೀತದ. ಅಡಿಗೊಮ್ಮೆ ಮಣ್ಣು ತಗದು, ಒಣಗಿಸಿ, ಕುಟ್ಟಿ, ಕಾಲೇಜಿನ ಲ್ಯಾಬಿನ 425 ಮೈಕ್ರಾನ್ ಜರಡ್ಯಾಗ ಸೋಸು. 100 ಮಿಲಿಲೀಟರಿನ ಎರಡು ಅಳತಿ ಜಾರು ತಗೊಂಡು, ಒಂದೊಂದಕ್ಕ 10 ಗ್ರಾಂ ಮಣ್ಣು ಹಾಕು. ಒಂದರಾಗ ಭಟ್ಟಿ ಇಳಿಸಿದ ನೀರು, ಇನ್ನೊಂದರಾಗ ಚಿಮಣಿ ಎಣ್ಣಿ. ಗಾಜಿನ ಕಡ್ಡಿಲೆ ಕದಡಿ ಗಾಳಿ ಗುಳ್ಳಿ ಬಿಡಿಸಿ 24 ತಾಸು ಅಲುಗಾಡಸದ ಇಡು. ಎಣ್ಣ್ಯಾಗ ಮಣ್ಣು ಉಬ್ಬೂದಿಲ್ಲ. ಮಣ್ಣಿನ ಮಟ್ಟ ಎಣ್ಣ್ಯಾಗ 10, ನೀರಾಗ 18 ಮಿಲಿಲೀಟರಿಗೆ ನಿಂತ್ರ ಉಬ್ಬು ನೂರಕ್ಕ 80. ಐವತ್ತು ದಾಟಿದ್ರ ಎಚ್ಚರ ಬೇಕು. ನೂರು ದಾಟಿದ್ರ ಸಾದಾ ಪಾಯಾ ಬ್ಯಾಡ.

ಎರಿ ಪದರ ತೆಳ್ಳಗಿದ್ದು ನಾಕೈದು ಅಡ್ಯಾಗ ಗಟ್ಟಿ ಗರಸು ಸಿಕ್ಕರ ನಮ್ಮ ಪುಣ್ಯ. ಎರಿ ಪೂರಾ ತಗದು ಗರಸಿನ ಮ್ಯಾಲ ಫೂಟಿಂಗ್, ಅಂದ್ರ ಪಾಯಾದ ಅಗಲ ತಳ, ಕೂಡಸ್ರಿ. ಹತ್ತು ಅಡಿ ಹೋದ್ರೂ ಕರೀದ ಬಂದ್ರ ಅಂಡರ್‌ರೀಮ್ಡ್ ಪೈಲ್, ಅಂದ್ರ ನೆಲದಾಗ ಇಳಿಸೋ ತಳ ದಪ್ಪಿನ ಕಾಂಕ್ರೀಟ್ ಕಂಬ, ಹಾಕಬೇಕಾಗ್ತದ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದ ಎರಿ ಭೂಮಿಗಂತನ ಬೆಳಸಿದ ಪದ್ಧತಿ ಇದು. ಸುಮಾರು ಮೂರೂವರಿ ಮೀಟರ್ ಆಳ, 30 ಸೆಂಟಿಮೀಟರ್ ತೂತು, ತಳದಾಗ 75 ಸೆಂಟಿಮೀಟರಿನ ಗಡ್ಡಿ. ಮಣ್ಣು ಮ್ಯಾಲೆ ಎತ್ತಾಕ ಹೋದ್ರ ಆ ಗಡ್ಡಿ ಲಂಗರಿನ ಹಂಗ ಹಿಡೀತದ. ಪೈಲಿನ ತಲಿ ಮ್ಯಾಲೆ ಕೂಡೋ ಬೀಮಿಗೂ ಅದರ ಕೆಳಗಿನ ಮಣ್ಣಿಗೂ ನಡುವ ಮೂರು ಇಂಚಿಗಿಂತ ಹೆಚ್ಚು ಖಾಲಿ ಬಿಡಬೇಕು. ಗೌಂಡಿಗಳು ಇದನ್ನ ತಪ್ಪಿ ತುಂಬಿಬಿಡ್ತಾರ, ನಿಂತು ನೋಡು. ಆ ಖಾಲಿ ಜಾಗದಾಗ ಮಣ್ಣು ಉಬ್ಬಿಕೊಳ್ಳತದ, ತುಂಬಿದ್ರ ಬೀಮನ್ನ ಎತ್ತತದ.

ಅಪ್ಪಗ ಇನ್ನೊಂದು ಮಾತು ಹೇಳು. ಯುಗಾದಿ ನಂತರ ಮಣ್ಣು ಪೂರಾ ಒಣಗಿರತದ, ಮುಂದ ಮಳಿ ಬಂದಾಗ ಅದು ಉಬ್ಬೂದೂ ಹೆಚ್ಚು. ತಗದ ಪಾಯಾ ವಾರಗಟ್ಟಲೆ ಬಿಸಲಿಗೆ ಬಿಡೂದು ಬ್ಯಾಡ, ತಗದ ಮರುದಿನನ ತಳಕ್ಕ ಹಾಸೋ ಬೆಡ್ ಕಾಂಕ್ರೀಟ್ ಬೀಳಬೇಕು. ಬಾಜೂಕ ಅದ ಎರಿ ಮಣ್ಣು ವಾಪಸ್ ತುಂಬಬ್ಯಾಡ್ರಿ. ಗರಸು ಆರಾರು ಇಂಚಿನ ಪದರಲೆ ಹಾಕಿ, ನೀರು ಚಿಮುಕಿಸಿ, ಬಡೀರಿ. ಉಬ್ಬದ, ಅಂಟೋ ಗುಣದ ಮಣ್ಣಿನ ಪದರ ಎರಿಯನ್ನ ಹಿಡದು ಕೂಡಸತದ ಅಂತ ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿಯವರು ತೋರಿಸಿಕೊಟ್ಟಾರ. ಮಲಪ್ರಭಾ ಕಾಲುವಿಯೊಳಗೂ ಈ ಪದ್ಧತಿ ಬಳಸ್ಯಾರ.

ಮನಿ ಸುತ್ತ ಆರು ಅಡಿ ಅಗಲ ಫರಸಿ ಹಾಸಿ ಹೊರಗ ಇಳಿಜಾರು ಕೊಡ್ರಿ. ಮಾಳಿಗಿ ನೀರು, ಬಚ್ಚಲ ನೀರು ಪಾಯಾದ ಬುಡಕ್ಕ ನಿಲ್ಲಬಾರದು. ಬೇವಿನ ಗಿಡ ಎಷ್ಟು ಎತ್ತರ ಆಗ್ತದೋ ಅಷ್ಟು ದೂರ ಇರಲಿ. ಅದರ ಬೇರು ಬ್ಯಾಸಗ್ಯಾಗ ಮಣ್ಣಿನ ತ್ಯಾವು ಹೀರಿ ಆ ಕಡೆ ಮೂಲಿ ಕೂಡಸತದ. ಅವ್ವಗ ನೆರಳು ಬೇಕು, ನನಗ ಗೊತ್ತದ, ಅಂಗಳದ ಆಚೆ ತುದೀಗೆ ಹಚ್ರಿ.

ಕಾಂಕ್ರೀಟು ನಿನ್ನ ಪುಸ್ತಕದಾಗ ಅದ, ಆದ್ರ ನೀರಿನ ಮಾತು ಮರೀಬ್ಯಾಡ. ಒಂದು ಚೀಲ ಸಿಮೆಂಟು ಅಂದ್ರ 35 ಲೀಟರ್. ಅಷ್ಟ ಹಿಡಿಯೋ ಫರ್ಮಾ ಮಾಡಿಸಿ ಒಂದೂವರಿ ಉಸುಕು, ಮೂರು ಖಡಿ ಅಳೀರಿ. ಚೀಲಕ್ಕ ನೀರು 25 ಲೀಟರಿನ ಆಜುಬಾಜು, ಉಸುಕು ಹಸಿ ಇದ್ರ ಇನ್ನೂ ಕಡಿಮಿ. ಪೈಪ್ ಹಿಡದು ತೆಳ್ಳಗ ಮಾಡಿದ್ರ ಹಾಕಾಕ ಸರಳ, ಆದ್ರ ಹೆಚ್ಚಿನ ನೀರು ಆರಿದಲ್ಲಿ ತೂತು ಉಳೀತಾವ, ತಾಕತ್ತು ಹೋಗ್ತದ. ಸಳಿ ಕೆಳಗ ಖಡಿ ಇಡೂದು ಬ್ಯಾಡ, ಜಾರತದ. ಸಳಿನ್ನ ಅಂಚಿನಿಂದ ದೂರ ಹಿಡಿಯೋ ಕವರ್ ಬ್ಲಾಕ್ ಇಡ್ರಿ, ಸ್ಲ್ಯಾಬಿಗೆ 20, ಕಾಲಮ್ಮಿಗೆ 40, ಫೂಟಿಂಗಿಗೆ 50 ಮಿಲಿಮೀಟರ್. ಪಿಪಿಸಿ, ಅಂದ್ರ ಹಾರುಬೂದಿಯಂಥಾದ್ದು ಕೂಡಿಸಿದ ಸಿಮೆಂಟು ಇದ್ರ ಹತ್ತು ದಿನ ಬಿಡದ ನೀರು ಹೊಡೀಬೇಕು, ಗದಗಿನ ಏಪ್ರಿಲ್ ಬಿಸಲಾಗ ಹದಿನಾಕು ದಿನ ಆದ್ರ ಛಲೋ.

ಎರಡೂ ಗುಂಡ್ಯಾಗ ಯಾವ ಅಡೀಗೆ ಯಾವ ಬಣ್ಣದ ಮಣ್ಣು, ಎಲ್ಲಿ ತ್ಯಾವು ಹತ್ತಿತು, ಜಾರಿನ ಅಂಕಿ ಎಷ್ಟು, ಎಲ್ಲಾ ಬರದು ಫೋಟೋ ಕಳಸು. ಅದನ್ನ ಊರಿನ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೂ ತೋರಸ್ರಿ. ಅಲ್ಲೀತನಕ ಗೌಂಡಿಗೆ ಮುಂಗಡ ಕೊಡೂದು ಬ್ಯಾಡ ಅಂತ ಅಪ್ಪಗ ನನ್ನ ಮಾತಾಗಿ ಹೇಳು.

ಇತಿ,
ನಿನ್ನ ಅಕ್ಕ