ಘಾಟಿಯಲ್ಲಿ ಗಾಡಿ ಆಫ್ ಆದರೆ

ಪುಟ್ಟಿಗೆ ಮಾವನ ಆಶೀರ್ವಾದ.

ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಕಾರು ಆಫ್ ಆಗಿ, ಹಿಂದಿನ ಲಾರಿಗಳ ಹಾರ್ನಿಗೆ ನೀನು ಅತ್ತೇಬಿಟ್ಟೆಯಂತೆ, ಅಕ್ಕ ಹೇಳಿದಳು. ಅದಕ್ಕೆ ನಾಚಿಕೆ ಬೇಡ. ಬ್ರೇಕಿನಿಂದ ಕಾಲು ತೆಗೆಯಲಿಲ್ಲವಲ್ಲ, ನನಗೆ ಅಷ್ಟು ಸಾಕು.

ಎಂಜಿನ್ ನಿಂತರೂ ಬ್ರೇಕ್ ಹೋಗಿರುವುದಿಲ್ಲ ಕಣೇ. ನಮ್ಮ ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರಿನಲ್ಲಿ ಎರಡು ಮೂರು ಸಲ ತುಳಿಯುವಷ್ಟು ವ್ಯಾಕ್ಯೂಮ್ (ನಿರ್ವಾತ) ಉಳಿದಿರುತ್ತೆ. ಗಾಬರಿಯಲ್ಲಿ ಪದೇ ಪದೇ ತುಳಿದು ಅದನ್ನು ಕಳೆಯಬೇಡ, ಒಂದೇ ಸಲ ಗಟ್ಟಿಯಾಗಿ ತುಳಿದು ಹಿಡಿ. ಅದು ಮುಗಿದರೆ ಪೆಡಲು ಕಲ್ಲಿನ ಹಾಗಾಗುತ್ತೆ. ಆಗಲೂ ಕಾಲಿನ ಬಲವನ್ನೆಲ್ಲ ಹಾಕು, ನಿಲ್ಲುತ್ತೆ. ಸ್ಟಿಯರಿಂಗೂ ಹಾಗೆಯೇ, ಭಾರವಾಗುತ್ತೆ, ಆದರೆ ತಿರುಗುತ್ತೆ. ಕೀ ಮಾತ್ರ ಹೊರಗೆಳೆಯಬೇಡ, ಸ್ಟಿಯರಿಂಗ್ ಲಾಕ್ ಬಿದ್ದುಬಿಡುತ್ತೆ. ಹಜಾರ್ಡ್ ಲೈಟ್ ಹಾಕಿ, ಇರುವ ಓಟದಲ್ಲೇ ಎಡಕ್ಕೆ ತಾ.

ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರಿಗೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡು. ಹೊರಡುವಾಗ ಆ ಕಲ್ಲನ್ನು ರಸ್ತೆಯಾಚೆ ಎತ್ತಿಹಾಕಲು ಮರೆಯಬೇಡ. ಯಾರೋ ಬಿಟ್ಟುಹೋದ ಅಂಥ ಕಲ್ಲಿಗೆ ರಾತ್ರಿ ಒಬ್ಬ ಹುಡುಗ ಬೈಕ್ ಸಮೇತ ಬಿದ್ದದ್ದನ್ನು ದೋಣಿಗಾಲ್ ಹತ್ತಿರ ಕಣ್ಣಾರೆ ನೋಡಿದ್ದೇನೆ.

ಇನ್ನು ಯಾಕೆ ನಿಂತಿತು ಅನ್ನೋದು. ಎರಡು ಗಂಟೆ ಓಡಿದ ಮೇಲೆ ನಿಂತು, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತಂತಲ್ಲ, ನನಗೆ ಕ್ರ್ಯಾಂಕ್ ಸೆನ್ಸರ್ ಮೇಲೆ, ಅಂದರೆ ಎಂಜಿನ್ ತಿರುಗೋದನ್ನು ಗಮನಿಸುವ ಸೆನ್ಸರ್ ಮೇಲೆ ಅನುಮಾನ. ಹಳೆಯದಾದ ಸೆನ್ಸರ್ ಬಿಸಿಗೆ ಕೈಕೊಡುತ್ತೆ. ಅದು ಸುಮ್ಮನಾದರೆ ಯಾವಾಗ ಕಿಡಿ ಕೊಡಬೇಕು, ಯಾವಾಗ ಪೆಟ್ರೋಲ್ ಬಿಡಬೇಕು ಎಂದು ಎಂಜಿನ್ನಿಗೇ ತಿಳಿಯುವುದಿಲ್ಲ. ಇನ್ನೊಮ್ಮೆ ಹೀಗಾದರೆ ಎರಡು ವಿಷಯ ಗಮನಿಸು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲುಗಾಡುತ್ತಾ? ಒಂಚೂರೂ ಅಲುಗದಿದ್ದರೆ ಸೆನ್ಸರ್ ಕಡೆಗೇ ಬೆರಳು. ಕೀ ಆನ್ ಮಾಡಿದೊಡನೆ ಹಿಂದಿನ ಸೀಟಿನಡಿ ಎರಡು ಸೆಕೆಂಡ್ ಗುಂಯ್ ಅನ್ನುತ್ತಾ? ಅನ್ನದಿದ್ದರೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪೋ, ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇನೋ ಕೆಟ್ಟಿರಬಹುದು. ಪಂಪು ತಣ್ಣಗಾಗೋದೇ ಸುತ್ತಲಿನ ಪೆಟ್ರೋಲಿನಿಂದ, ಹಾಗಾಗಿ ರಿಸರ್ವ್‌ನಲ್ಲೇ ಗಾಡಿ ಓಡಿಸುವ ನಿನ್ನ ಅಭ್ಯಾಸ ಬಿಡು. ಮೆಕ್ಯಾನಿಕ್ ಹತ್ತಿರ "ಆಫ್ ಆಯ್ತು" ಅಂತಷ್ಟೇ ಹೇಳಬೇಡ. ಇದನ್ನೆಲ್ಲ ಹೇಳಿ, ಕಾರಿನ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸು. ಪಿ 0335 ಅಂತ ಕೋಡ್ ಬಂದರೆ ಆ ಸೆನ್ಸರಿನ ಲೈನಿನಲ್ಲೇ ತೊಂದರೆ. ಆಗಲೂ ವೈರು, ಕನೆಕ್ಟರ್ ನೋಡಿದ ಮೇಲೆಯೇ ಸೆನ್ಸರ್ ಬದಲಿಸಲು ಒಪ್ಪು.

ಬೆಂಗಳೂರಿನ ಅಂಡರ್‌ಪಾಸ್ ನೀರಲ್ಲಿ ನಿಂತರೆ ಮಾತ್ರ ಸೆಲ್ಫ್ ಮುಟ್ಟಲೇಬೇಡ. ಎಂಜಿನ್ ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತೆ. ಗಾಡಿ ಬಿಟ್ಟು ಮೊದಲು ನೀನು ಮೇಲೆ ಬಾ.

ಭಾನುವಾರ ಹಾಸನಕ್ಕೆ ಬಸ್ಸಲ್ಲೇ ಬಾ. ನನ್ನ ಕಾರಿನಲ್ಲಿ ಆ ಗುಂಯ್ ಸದ್ದು ಕೇಳಿಸ್ತೀನಿ.

ಇಂತಿ,
ನಿನ್ನ ಮಾವ